ಅಟ್ಟ ಇಳಿಸುವ ಕ್ರಮ: ಯಜಮಾನರಿಗೊಂದು ಕೈಪಿಡಿ

ಅಭಿನಂದನೆಗಳು. ನೀವೀಗ ಒಂದು ಮನೆಯ ಯಜಮಾನರು. ಗೃಹಪ್ರವೇಶದ ದಿನ ಪುರೋಹಿತರು ಆಶೀರ್ವಾದ ಕೊಟ್ಟರು, ಗುತ್ತಿಗೆದಾರರು ಬೀಗದಕೈ ಕೊಟ್ಟರು, ನೆಂಟರೆಲ್ಲ ಮಾತಾಡಿಕೊಂಡವರಂತೆ ಗೋಡೆ ಗಡಿಯಾರ ಕೊಟ್ಟರು. ಮಿಕ್ಸಿಗೊಂದು, ಗೀಸರಿಗೊಂದು ಕೈಪಿಡಿಯೂ ಬಂತು. ಇವೆಲ್ಲವನ್ನೂ ಒಳಗಿಟ್ಟುಕೊಂಡ ಮನೆಗೆ ಮಾತ್ರ ಕೈಪಿಡಿಯಿಲ್ಲ. ಆ ಕೊರತೆ ನೀಗಲೆಂದು ಇದನ್ನು ಬರೆಯಲಾಗಿದೆ.

ಮೈಸೂರು ಕಡೆಯ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು: ಎರಡು ಕೋಣೆ, ನಡುಮನೆ, ಅಡುಗೆಮನೆ, ಬಚ್ಚಲು, ಇವೆಲ್ಲದರ ನೆತ್ತಿಯ ಮೇಲೆ ಅಟ್ಟ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಅಟ್ಟದ ಕೆಲಸವನ್ನು ಮಂಚದ ಹೊಟ್ಟೆಯೂ ಬಾಲ್ಕನಿಯೂ ಹಂಚಿಕೊಂಡಿರುತ್ತವೆ. ಒಳಗಿನ ಸಾಮಾನು ಒಂದೇ.

ಓದಿ ಮುಗಿಸಿದ ಮೇಲೆ ಇದನ್ನು ದಯವಿಟ್ಟು ಜೋಪಾನ ಮಾಡಬೇಡಿ. ಜೋಪಾನ ಮಾಡಿದ ಕೈಪಿಡಿಗಳ ಒಂದು ಕಟ್ಟು ಆಗಲೇ ಅಟ್ಟದ ಮೇಲಿದೆ. ಅದರಲ್ಲಿ, ಗುಜರಿಯವನು ಎಂದೋ ಹೊತ್ತುಕೊಂಡು ಹೋದ ಟೀವಿಯದೂ ಇದೆ.

ಯಾವಾಗ ಶುರು ಮಾಡಬೇಕು

ಪಿತೃಪಕ್ಷದಲ್ಲಿ. ಮದುವೆ ಮುಂಜಿಗಳ ಕರೆಯೋಲೆ ಬರದ ಹದಿನೈದು ದಿನ ಅದು. ‘ಯಾರ ಮನೆಗೋ ಹೋಗಬೇಕಿತ್ತು’ ಎನ್ನುವ ನೆಪ ನಡೆಯುವುದಿಲ್ಲ. ಮುಂದೆ ಗೊಂಬೆ ಹಬ್ಬದ ಗಡುವೂ ಇದೆ. ನವರಾತ್ರಿಯ ಪಾಡ್ಯಕ್ಕೆ ಪಟ್ಟದ ಗೊಂಬೆ ಕೂರಿಸಬೇಕು, ಗೊಂಬೆಗಳು ಅಟ್ಟದ ಮೇಲಿವೆ, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಅಟ್ಟಕ್ಕೆ ಮನುಷ್ಯಸಂಪರ್ಕ ಒದಗುತ್ತದೆ. ಗೊಂಬೆ ಕೂರಿಸುವ ಪದ್ಧತಿಯಿಲ್ಲದ ಮನೆಗಳ ಅಟ್ಟದಲ್ಲಿ ಏನಿದೆಯೆಂಬುದನ್ನು ಪುರಾತತ್ವ ಇಲಾಖೆಯವರೇ ಹೇಳಬೇಕು.

ಮಹಾಲಯ ಅಮಾವಾಸ್ಯೆಯ ರಾತ್ರಿ ಶುರು ಮಾಡುವುದು ಹೆಚ್ಚು ಪ್ರಚಾರದಲ್ಲಿರುವ ವಿಧಾನ. ಅದರಲ್ಲಿ ಗೊಂಬೆಗಳು ಇಳಿಯುತ್ತವೆ, ಉಳಿದದ್ದೆಲ್ಲ ಇನ್ನೂ ಒಳಕ್ಕೆ ಸರಿಯುತ್ತದೆ. ಈ ಕೈಪಿಡಿ ಅದನ್ನು ಶಿಫಾರಸು ಮಾಡುವುದಿಲ್ಲ.

ಕೇಂದ್ರ ಸರ್ಕಾರದ ಸ್ವಚ್ಛ ಸರ್ವೇಕ್ಷಣೆಯಲ್ಲಿ 2016ರಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆಯಿತಲ್ಲ, ಆಗ ಸಮೀಕ್ಷೆಯವರು ಯಾರ ಮನೆಯ ಅಟ್ಟಕ್ಕೂ ಏಣಿ ಹಾಕಲಿಲ್ಲ. ಊರಿನ ಪುಣ್ಯ.

ಬೇಕಾಗುವ ಸಲಕರಣೆ

ಏಣಿ ಒಂದು. ಪಕ್ಕದ ಮನೆಯವರದು ನಡೆಯುತ್ತದೆ. ಹೋದ ವರ್ಷ ತಂದದ್ದನ್ನು ವಾಪಸು ಕೊಟ್ಟಿಲ್ಲವಾದರೆ ಕೇಳುವ ಸಂಕೋಚವೂ ಇಲ್ಲ. ಜೇಡರ ಬಲೆ ತೆಗೆಯುವ ಉದ್ದ ಕೋಲು. ಒರೆಸಲು ಹಳೇ ಬನಿಯನ್ನು. ಅದು ಹಳೆಯದಾಯಿತೇ ಇಲ್ಲವೇ ಎಂಬ ತೀರ್ಮಾನವನ್ನು ನಿಮಗೆ ಬಿಟ್ಟಿಲ್ಲ, ಒಗೆಯುವವರಿಗೆ ಬಿಟ್ಟಿದೆ. ಮೂಗಿಗೆ ಕಟ್ಟಿಕೊಳ್ಳಲು ಮಾಸ್ಕು. ಕೋವಿಡ್ ಕಾಲದಲ್ಲಿ ತಂದ ಪೊಟ್ಟಣ ಯಾವುದೋ ಡ್ರಾಯರಿನಲ್ಲಿದೆ.

ಗೋಣಿಚೀಲ ಮೂರು: ಯಾರಿಗಾದರೂ ಕೊಡುವುದಕ್ಕೆ ಒಂದು, ಗುಜರಿಗೆ ಒಂದು, ಕಸಕ್ಕೆ ಒಂದು. ಅನುಭವಸ್ಥರು ನಾಲ್ಕನೆಯದೊಂದನ್ನು ಇಟ್ಟುಕೊಳ್ಳುತ್ತಾರೆ, ‘ಆಮೇಲೆ ನೋಡೋಣ’ ಎನ್ನುವಂಥದ್ದಕ್ಕೆ. ಅದನ್ನು ತರಲೇಬೇಡಿ. ತಂದರೆ ಸಂಜೆಯ ಹೊತ್ತಿಗೆ ಮೊದಲ ಮೂರು ಚೀಲ ಮಡಿಕೆ ಬಿಚ್ಚದೆ ಬಿದ್ದಿರುತ್ತವೆ. ನಾಲ್ಕನೆಯದು ತುಂಬಿ, ಬಾಯಿ ಕಟ್ಟಿಸಿಕೊಂಡು ಅಟ್ಟಕ್ಕೆ ಹೋಗಲು ಸಿದ್ಧವಾಗಿರುತ್ತದೆ.

ಅಟ್ಟ

ಏಣಿ ಹತ್ತಿ. ಬಾಗಿಲು ತೆಗೆಯುವ ಮುನ್ನ ಒಂದು ಹೆಜ್ಜೆ ಪಕ್ಕಕ್ಕಿರಲಿ. ಹೋದ ವಿಜಯದಶಮಿಯ ಮಾರನೆಯ ದಿನ ನೀವು ಬಾಗಿಲನ್ನು ಹೇಗೆ ಒತ್ತಿ ಮುಚ್ಚಿದಿರೆಂಬುದು ನೆನಪಿದೆ ತಾನೆ?

ಮೊದಲು ಸಿಗುವುದು ಗೊಂಬೆಗಳ ಪೆಟ್ಟಿಗೆ. ಪ್ರತಿ ಗೊಂಬೆಗೂ ಹಳೇ ಪತ್ರಿಕೆ ಸುತ್ತಿರುತ್ತದೆ. ಇದು ಇಡೀ ಪ್ರಕ್ರಿಯೆಯ ಅತ್ಯಂತ ಅಪಾಯಕಾರಿ ಘಟ್ಟ. ಪತ್ರಿಕೆಯನ್ನು ಬಿಚ್ಚಿ, ಉಂಡೆ ಮಾಡಿ, ಕೆಳಗೆ ಹಾಕಿ. ಓದಬೇಡಿ. ದಿನವೂ ಬೆಳಿಗ್ಗೆ ಕಾಫಿಯ ಜೊತೆ ಬರುವ ಪತ್ರಿಕೆಯ ಮೇಲೆ ಕಣ್ಣಾಡಿಸಿ ಮಡಿಸಿಡುವ ನೀವು, ಕೀಚಕನ ಗೊಂಬೆಗೆ ಸುತ್ತಿದ ಅರ್ಧ ಹಾಳೆಯ ಚಿತ್ರವಿಮರ್ಶೆಯನ್ನು ಏಣಿಯ ಮೇಲೇ ನಿಂತು ಕೊನೆಯವರೆಗೆ ಓದುತ್ತೀರಿ. ಮುಂದುವರಿದ ಭಾಗಕ್ಕಾಗಿ ದ್ರೌಪದಿಯನ್ನೂ ಬಿಚ್ಚುತ್ತೀರಿ. ಕೆಳಗಿನಿಂದ ‘ರೀ, ಇಳಿಸಿ ಕೊಡ್ತೀರೋ, ನಾನೇ ಹತ್ತಲೋ?’ ಎಂಬ ದನಿ ಬಂದರೆ ಓದು ಮಿತಿ ಮೀರಿದೆ ಎಂದು ತಿಳಿಯಿರಿ.

ಗೊಂಬೆಗಳ ಹಿಂದೆ ಖಾಲಿ ರಟ್ಟಿನ ಪೆಟ್ಟಿಗೆಗಳು. ಟೀವಿಯದು, ಫ್ರಿಜ್ಜಿನದು, ಒಳಗೆ ಬಿಳಿ ಥರ್ಮಾಕೋಲಿನ ಅಚ್ಚು ಸಮೇತ. ವರ್ಗಾವಣೆಯಾದರೆ ಬೇಕಾಗುತ್ತದೆಂದು ಇಟ್ಟದ್ದು. ನೀವು ನಿವೃತ್ತರಾಗಿದ್ದರೆ ಇನ್ನು ವರ್ಗಾವಣೆ ಆಗುವುದಿಲ್ಲ. ಕೆಳಗೆ ಹಾಕಿ.

ಆಮೇಲೆ ಸೂಟ್‌ಕೇಸು. ಅದರೊಳಗೊಂದು ಸೂಟ್‌ಕೇಸು. ಅದರೊಳಗೆ ಕೈಚೀಲ, ಕೈಚೀಲದೊಳಗೆ ಮಡಿಸಿಟ್ಟ ಕೈಚೀಲಗಳು, ಎಲ್ಲವೂ ಬೇರೆ ಬೇರೆ ಮದುವೆಯ ತಾಂಬೂಲದ್ದು, ವಧೂವರರ ಹೆಸರು ಅಚ್ಚಾದದ್ದು. ಆ ದಂಪತಿಗಳ ಮಕ್ಕಳ ಮದುವೆಯ ಚೀಲಗಳೂ ಇವುಗಳ ನಡುವೆ ಸಿಗುವುದುಂಟು.

ಮೈಸೂರಿನ ಅಟ್ಟಗಳಲ್ಲಿ ಮಾತ್ರ ಕಾಣುವ ವಸ್ತುವೊಂದಿದೆ: ಯೆಜ್ಡಿಯ ಬಿಡಿಭಾಗ. ಆ ಬೈಕು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಗಾಡಿ ಮಾರಿಯಾಯಿತು, ಕೊಂಡವನೂ ಮಾರಿದ. ಸೈಲೆನ್ಸರು ಮಾತ್ರ ಎಣ್ಣೆ ಬಟ್ಟೆ ಸುತ್ತಿಕೊಂಡು ನಮ್ಮ ಅಟ್ಟದ ಮೇಲೆ ಮಲಗಿದೆ. ಇದನ್ನು ಗುಜರಿಗೆ ಹಾಕಿ ಎಂದು ಬರೆದರೆ ಊರಿನಲ್ಲಿ ನನಗೆ ಉಳಿಗಾಲವಿಲ್ಲ. ಹಳೇ ಯೆಜ್ಡಿಯನ್ನು ಮಗುವಿನ ಹಾಗೆ ಸಾಕುವವರು ಊರಲ್ಲಿ ಇನ್ನೂ ಇದ್ದಾರೆ, ಹುಡುಕಿ ಅವರ ಕೈಗೆ ಕೊಡಿ. ನಿಮ್ಮ ಬಳಿ ಸೈಲೆನ್ಸರು ತುಕ್ಕು ಹಿಡಿಯುತ್ತಿದೆ, ಅವರ ಬಳಿ ಸದ್ದು ಮಾಡುತ್ತದೆ.

ಇನ್ನು ಕಾಗದಗಳ ಟ್ರಂಕು. ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಜನನ ಮರಣ ಪತ್ರಗಳು, ಎಲ್ಲರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ: ಇವು ಬೇಕು, ಬೇರೆ ತೆಗೆದಿಡಿ. ಕೆಇಬಿ ರಸೀದಿಗಳ ದಪ್ಪ ಕಂತೆ ಬೇಡ. ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ನಿಗಮವಾಗಿ ಹೆಸರು ಬದಲಿಸಿಕೊಂಡಿತು. ಅದಕ್ಕೂ ಹಿಂದಿನ ಬಿಲ್ಲು ನೀವು ಕಟ್ಟಿದ್ದೀರೆಂದು ಈಗ ಯಾರೂ ಸಾಕ್ಷ್ಯ ಕೇಳುವುದಿಲ್ಲ. ಒಂಟಿಕೊಪ್ಪಲ್ ಪಂಚಾಂಗದ ಹಳೆಯ ಕ್ಯಾಲೆಂಡರುಗಳು ಸಿಗುತ್ತವೆ, ಚೌಕ ಚೌಕಕ್ಕೂ ಹಾಲಿನ ಲೆಕ್ಕ, ಗ್ಯಾಸು ಬಂದ ತಾರೀಖು, ಯಾರೋ ಊರಿಗೆ ಹೋದದ್ದು, ಬಂದದ್ದು. ಒಂದನ್ನು ಇಟ್ಟುಕೊಳ್ಳಿ. ಮನೆಯ ಚರಿತ್ರೆ ಬರೆಯುವವರಿಗೆ ಅಷ್ಟು ಸಾಕು.

ನಿಯತಕಾಲಿಕಗಳ ವಿಷಯದಲ್ಲಿ ಕೈಪಿಡಿ ಪಕ್ಷಪಾತಿ. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ ನಡೆದದ್ದು 1942ರಿಂದ 1967ರವರೆಗೆ. ತಾತನ ಟ್ರಂಕಿನಲ್ಲಿ ಅದರ ಸಂಚಿಕೆಗಳು ಸಿಕ್ಕರೆ ಅಟ್ಟ ಇಳಿಸುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಬಹುದು. ಹುಳು ಹಿಡಿದಿದ್ದರೆ ಗಾಬರಿ ಬೇಡ. ಬೆಳ್ಳಿ ಬಣ್ಣದ ಆ ಪುಟ್ಟ ಹುಳುವಿಗೆ ಪಿಷ್ಟವೆಂದರೆ ಪ್ರಾಣ. ಅದು ಮೊದಲು ಕೈ ಹಾಕುವುದು ಬೈಂಡಿನ ಅಂಟಿಗೆ, ಹಾಸ್ಯಕ್ಕಲ್ಲ. ತೇವವಿಲ್ಲದ, ಗಾಳಿಯಾಡುವ ಜಾಗಕ್ಕೆ ಪುಸ್ತಕಗಳನ್ನು ಸಾಗಿಸಿ. ವಾರಪತ್ರಿಕೆಯ ರಾಶಿಯಿಂದ ಅಡುಗೆ ಪುಟಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ಕತ್ತರಿಯನ್ನು ಆಗಲೇ ಕೈಗೆ ಕೊಡಿ. ನಾಳೆಗೆ ಬಿಟ್ಟರೆ ರಾಶಿ ಮೇಲಕ್ಕೆ ಹೋಗುತ್ತದೆ.

ಅಟ್ಟದ ಮೇಲಿನ ಪ್ರತಿ ವಸ್ತುವಿನ ಪರವಾಗಿಯೂ ಮೂರರಲ್ಲಿ ಒಂದು ವಾದ ಕೇಳಿಬರುತ್ತದೆ: ‘ಮುಂದೆ ಬೇಕಾಗುತ್ತೆ’, ‘ದುಡ್ಡು ಕೊಟ್ಟು ತಂದದ್ದು’, ‘ಇದು ಅಪ್ಪನದು’. ಮೊದಲನೆಯದಕ್ಕೆ ಉತ್ತರ: ಬೇಕಾದ ದಿನ ಅದು ಎಲ್ಲಿದೆಯೆಂದು ನಿಮಗೆ ನೆನಪಿರುವುದಿಲ್ಲ, ಅಂಗಡಿಯಿಂದ ಹೊಸದನ್ನು ತರುತ್ತೀರಿ, ಕೆಲಸ ಮುಗಿದ ಮೇಲೆ ಅದನ್ನೂ ಅಟ್ಟಕ್ಕೆ ಹಾಕುತ್ತೀರಿ. ಎರಡನೆಯದಕ್ಕೆ ಉತ್ತರ: ದುಡ್ಡು ಅಂಗಡಿಯವನಿಗೆ ಆಗಲೇ ಹೋಗಿದೆ, ಅಟ್ಟದ ಮೇಲೆ ಇಲ್ಲ. ಮೂರನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಪ್ಪನ ಕೊಡೆ, ಅಜ್ಜಿಯ ಕುಟ್ಟಾಣಿ ಇರಲಿ, ಆದರೆ ಅಟ್ಟದಲ್ಲಿ ಬೇಡ. ಕಣ್ಣೆದುರು ಇಡಿ, ಬಳಸಿ. ಅಜ್ಜಿಯ ಮೇಲೆ ಅಷ್ಟು ಪ್ರೀತಿಯಿದ್ದರೆ ಒಂದು ದಿನ ಅದರಲ್ಲಿ ಎಲೆ ಅಡಿಕೆ ಕುಟ್ಟಿ.

ಜಪಾನಿನ ಮೇರಿ ಕೊಂಡೊ ಎಂಬಾಕೆ ಇದಕ್ಕೆ ಬೇರೊಂದು ಸೂತ್ರ ಹೇಳಿ ಲೋಕಪ್ರಸಿದ್ಧರಾದರು: ವಸ್ತುವನ್ನು ಕೈಯಲ್ಲಿ ಹಿಡಿದು, ಮನಸ್ಸಿಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕಂತೆ, ಇಲ್ಲದಿದ್ದರೆ ಅದಕ್ಕೆ ಧನ್ಯವಾದ ಹೇಳಿ ಕಳಿಸಿಕೊಡಬೇಕಂತೆ. ಈ ಪ್ರಕಾರ ನಮ್ಮಲ್ಲಿ ಕುಕ್ಕರಿನ ಗ್ಯಾಸ್ಕೆಟ್ಟು, ಇಲಿಬೋನು, ಕಂದಾಯದ ರಸೀದಿ ಮೂರೂ ಹೊರಗೆ. ಯೆಜ್ಡಿ ಸೈಲೆನ್ಸರು ಒಳಗೆ. ಮೂರನೆಯ ಮಗುವಾದ ಮೇಲೆ ಅಚ್ಚುಕಟ್ಟಿನ ಹಟವನ್ನು ಒಂದು ಮಟ್ಟಿಗೆ ಬಿಟ್ಟಿದ್ದೇನೆಂದು 2023ರಲ್ಲಿ ಆಕೆಯೇ ಹೇಳಿಕೊಂಡರು. ಆಕೆಯ ಮಾತುಗಳಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದದ್ದು ಅದು.

ಅಡುಗೆಮನೆ

ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಕವರು ನೇತಾಡುತ್ತಿದೆ. ಅದರ ತುಂಬ ಕವರುಗಳು. ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದು 2016ರ ಮಾರ್ಚಿನಲ್ಲಿ. ಇವುಗಳಲ್ಲಿ ಕೆಲವು ಅದಕ್ಕೂ ಹಿಂದಿನವು. ಈಗ ಇಲ್ಲದ ಬಟ್ಟೆ ಅಂಗಡಿಗಳ ಹೆಸರು ಅವುಗಳ ಮೇಲಿದೆ. ಒಣಕಸದ ಗಾಡಿಗೆ ಕೊಡಿ. ಅವನ್ನು ಕೊಡಲು ಒಂದು ಕವರು ಬೇಕೆಂದು ಹೊಸದನ್ನು ತರಬೇಡಿ. ನಂದಿನಿ ಹಾಲಿನ ಕವರುಗಳನ್ನು ತೊಳೆದು, ಒಣಗಿಸಿ, ಅಡ್ಡಡ್ಡಕ್ಕೆ ಜೋಡಿಸಿ ರಬ್ಬರ್ ಬ್ಯಾಂಡು ಹಾಕಿಟ್ಟಿರುವುದು ಕಂಡರೆ ಮುಟ್ಟಬೇಡಿ. ಈ ಮನೆಯಲ್ಲಿ ವ್ಯವಸ್ಥಿತವಾಗಿ ನಡೆಯುತ್ತಿರುವ ಕೆಲಸ ಅದೊಂದೇ, ಅದನ್ನು ನಡೆಸುತ್ತಿರುವವರು ನೀವಲ್ಲ.

ಸಾಸಿವೆ, ಮೆಂತ್ಯ, ಗಸಗಸೆಯ ಡಬ್ಬಿಗಳನ್ನು ಬಗ್ಗಿಸುವಾಗ ಮನೆಯವರು ಪಕ್ಕದಲ್ಲಿರಲಿ. ಅಡಿಯಲ್ಲಿ ಹಳೇ 500ರ ನೋಟು ಸಿಗುವ ಸಂಭವವುಂಟು. 2016ರ ನವೆಂಬರ್ 8ರ ರಾತ್ರಿ ಅವರಿಗೂ ನೆನಪಾಗದೆ ಉಳಿದದ್ದು. 2017ರ ಕಾಯಿದೆಯ ಪ್ರಕಾರ ರದ್ದಾದ ಅಂಥ ನೋಟುಗಳು ಹತ್ತಕ್ಕಿಂತ ಹೆಚ್ಚು ನಿಮ್ಮಲ್ಲಿದ್ದರೆ ದಂಡ. ಅಂದರೆ ಮೆಂತ್ಯದ ಡಬ್ಬಿ ಶುಚಿ ಮಾಡುವುದು ಕಾನೂನು ಪಾಲನೆಯೂ ಹೌದು. ‘ಇಷ್ಟು ದುಡ್ಡು ನನಗೆ ಹೇಳದೆ ಇಟ್ಟಿದ್ದೆಯಾ?’ ಎಂದು ಕೇಳುವ ಮುನ್ನ, ಅದು ಯಾವ ತಿಂಗಳ ಸಂಬಳ ತಡವಾದಾಗ ಮನೆ ನಡೆಸಿದ ನಿಧಿಯ ಉಳಿಕೆ ಎಂದು ಯೋಚಿಸಿ.

ಎಕ್ಸಾಸ್ಟ್ ಫ್ಯಾನಿನ ಜಿಡ್ಡಿಗೆ ಬಿಸಿನೀರು, ಸೋಡಾ, ತಾಳ್ಮೆ. ಮೊದಲು ಸ್ವಿಚ್ಚು ಆರಿಸಿ, ಪ್ಲಗ್ಗು ಕೀಳಿ. ಫ್ರಿಜ್ಜಿನಲ್ಲಿರುವ ಐಸ್‌ಕ್ರೀಮ್ ಡಬ್ಬಿಯಲ್ಲಿ ಐಸ್‌ಕ್ರೀಮ್ ಇಲ್ಲ, ಕರಿಬೇವಿದೆ. ಮಕ್ಕಳಿಗೆ ಇದು ಗೊತ್ತು.

ವೈರಿನ ಡಬ್ಬ

ಪ್ರತಿ ಮನೆಯಲ್ಲೂ ಒಂದಿರುತ್ತದೆ, ಸಾಮಾನ್ಯವಾಗಿ ಬಿಸ್ಕತ್ತಿನದು. ಚಾರ್ಜರು, ಗಂಟುಬಿದ್ದ ಇಯರ್‌ಫೋನು, ಯಾವುದಕ್ಕೂ ಕೂರದ ಪಿನ್ನು, ಯಾವ ಬೀಗದ್ದೋ ತಿಳಿಯದ ಕೀಲಿ, ಗುಂಡಿ ಒತ್ತುವ ಫೋನು. ಫೋನಿನ ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಚಾರ್ಜಿಗೆ ಹಾಕಿ ನೋಡಬೇಡಿ, ಕಸದ ಗಾಡಿಗೂ ಹಾಕಬೇಡಿ. ಲಿಥಿಯಂ ಬ್ಯಾಟರಿ ಜಜ್ಜಿದರೆ ಹೊತ್ತಿಕೊಳ್ಳುತ್ತದೆ, ಗಾಡಿಯಲ್ಲಿ ಕೆಲಸ ಮಾಡುವವರ ಕೈ ಸುಡುತ್ತದೆ. ಟ್ಯೂಬ್‌ಲೈಟು, ಸಿಎಫ್ಎಲ್ ಬಲ್ಬುಗಳಲ್ಲಿ ಪಾದರಸವಿದೆ, ಅವನ್ನೂ ಒಡೆಯದೆ ಬೇರೆಯಾಗಿಯೇ ಕೊಡಬೇಕು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಳೇ ಉಪಕರಣಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಣೆ ಅವರದಾದರೂ ಅವರು ಬಂದು ನಿಮ್ಮ ಬಿಸ್ಕತ್ತಿನ ಡಬ್ಬ ತೆರೆಯುವುದಿಲ್ಲ.

ಡಬ್ಬದ ತಳದಲ್ಲಿ ಎಚ್‌ಎಂಟಿ ವಾಚು. ಕಂಪನಿ ವಾಚು ತಯಾರಿಕೆಗೆ 2016ರಲ್ಲಿ ಬಾಗಿಲು ಹಾಕಿತು. ಕೀಲಿ ಕೊಡುವ ವಾಚಾದರೆ ಎಣ್ಣೆ ಹಾಕಿಸಿದರೆ ಬಹಳ ಸಲ ಓಡುತ್ತದೆ. ರಿಪೇರಿಗೆ ಕೊಡಬೇಕೆಂದು ನೀವು ಅಂದುಕೊಂಡದ್ದು ಯಾವಾಗ ಎಂದು ನಾನು ಕೇಳುವುದಿಲ್ಲ.

ಬಚ್ಚಲು: ಎಚ್ಚರಿಕೆ

ಬೋರ್‌ವೆಲ್ ನೀರಿನ ಬಕೆಟ್ಟಿಗೆ ಹಿಡಿದ ಬಿಳಿ ಪದರ ಉಜ್ಜಿದರೆ ಹೋಗದು. ಅದು ಸುಣ್ಣ, ನಿಂಬೆರಸಕ್ಕೋ ವಿನೆಗರಿಗೋ ಕರಗುತ್ತದೆ. ನಮ್ಮ ಅಜ್ಜಿಯಂದಿರು ನೀರು ತುಂಬುವ ಹಬ್ಬಕ್ಕೆ ಮುಂಚೆ ತಾಮ್ರದ ಹಂಡೆಗೆ ಹುಣಸೆಹಣ್ಣು ತಿಕ್ಕುತ್ತಿದ್ದದ್ದೂ ಇದೇ ಹುಳಿಯ ಲೆಕ್ಕದಲ್ಲಿ. ಆದರೆ ಉತ್ಸಾಹ ಏರಿ ಬ್ಲೀಚಿಂಗ್ ಪೌಡರನ್ನೂ ಆಸಿಡ್ಡನ್ನೂ ಒಟ್ಟಿಗೆ ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಕುತ್ತು. ಈ ಒಂದು ಸಾಲನ್ನು ತಮಾಷೆಗೆ ಬರೆದಿಲ್ಲ.

ಶಕ್ತಿಮೂಲ

ಎಲ್ಲ ಕೈಪಿಡಿಗಳಲ್ಲೂ ಇರುವ ಅಧ್ಯಾಯ ಇದು: ಈ ಯಂತ್ರ ಯಾವುದರಿಂದ ಓಡುತ್ತದೆ? ನಮ್ಮ ಮಾದರಿಯ ಮನೆಗಳಲ್ಲಿ ಶಕ್ತಿಮೂಲ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಏಳುತ್ತದೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಒಲೆ ಒರೆಸುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಕೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲೇ ಕಳೆಯುತ್ತಾರೆ, ಗಂಡಸರು 97 ನಿಮಿಷ. ಇದು ಕೈಹಾಕಿದವರ ಲೆಕ್ಕ. ಕೈಹಾಕುವ ಗಂಡಸರೇ ನೂರಕ್ಕೆ ಇಪ್ಪತ್ತಾರು ಮಂದಿ.

‘ಬಹಳ ದಿನದಿಂದ ಉಳಿದುಹೋದ ಮನೆಗೆಲಸ’ ಎಂದು ನಾವು ಕರೆಯುವುದು ಯಾವುದನ್ನು ಎಂದು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಪಾತ್ರೆ ಯಾವ ಮನೆಯಲ್ಲೂ ತಿಂಗಳುಗಟ್ಟಲೆ ಉಳಿಯುವುದಿಲ್ಲ, ಬಟ್ಟೆ ಉಳಿಯುವುದಿಲ್ಲ, ಅನ್ನ ಉಳಿದರೂ ಮಾರನೆಯ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ವರ್ಷಗಟ್ಟಲೆ ಉಳಿಯುವುದು ಅಟ್ಟ, ಸೋರುವ ನಲ್ಲಿ, ಸಡಿಲ ಹಿಡಿ, ಫ್ಯೂಸು, ಫ್ಯಾನಿನ ಧೂಳು. ಅಂದರೆ ಯಜಮಾನರ ಪಾಲಿಗೆಂದು ಬಿಟ್ಟ ಕೆಲಸ. ಉಪೇಕ್ಷೆಗೊಳಗಾದದ್ದು ಮನೆಯಲ್ಲ, ಮನೆಯೊಳಗಿನ ಒಂದು ಖಾತೆ, ಅದರ ಮಂತ್ರಿ ಸೋಫಾದಲ್ಲಿದ್ದಾರೆ.

ಮನೆಕೆಲಸಕ್ಕೆ ಬರುವವರಿದ್ದರೆ ಅಟ್ಟವನ್ನು ಅವರಿಗೆ ದಾಟಿಸಿ ಕೈತೊಳೆದುಕೊಳ್ಳಬೇಡಿ. ಅದು ತಿಂಗಳ ಸಂಬಳದಲ್ಲಿ ಸೇರಿಲ್ಲ. ಮಾಡಿಸಿದರೆ ಬೇರೆ ಕೂಲಿ ಕೊಡಿ. ಓಡದ ಮಿಕ್ಸಿಯನ್ನು ‘ತಗೊಂಡ್ಹೋಗಮ್ಮ, ನಿನಗಾಗುತ್ತೆ’ ಎಂದು ಕೊಡುವುದಕ್ಕೆ ದಾನವೆನ್ನುವುದಿಲ್ಲ. ನಿಮ್ಮ ಅಟ್ಟವನ್ನು ಅವರ ಒಂದೇ ಕೋಣೆಯ ಮನೆಗೆ ವರ್ಗಾಯಿಸಿದಿರಿ, ಅಷ್ಟೇ.

ದೋಷ ನಿವಾರಣೆ

*ಗುಜರಿಯವನು ತಕ್ಕಡಿ ಎತ್ತಿದ ಕೂಡಲೇ ಸಾಮಾನು ವಾಪಸು ಬೇಕೆನಿಸುತ್ತದೆ.* ಸಹಜ. ಒಳಗೆ ಹೋಗಿ ಕಾಫಿ ಕುಡಿಯಿರಿ. ಚೌಕಾಸಿಯನ್ನು ಮನೆಯವರು ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

*ಅರ್ಧ ಇಳಿಸಿದ ಮೇಲೆ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ.* ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೆಂಬುದರ ಗುರುತು ಇದು. ಈ ಹಂತದಲ್ಲಿ ಎಲ್ಲವನ್ನೂ ಮೇಲಕ್ಕೆ ತುರುಕುವ ಆಸೆ ಬಲವಾಗಿರುತ್ತದೆ, ಆಗಲೇ ನೆಂಟರೂ ಬರುತ್ತಾರೆ. ಬಂದವರ ಕೈಗೆ ಒಂದೊಂದು ಬಟ್ಟೆ ಕೊಡಿ.

*ಮಕ್ಕಳು ಅಮೆರಿಕದಲ್ಲಿದ್ದಾರೆ, ಅವರ ಪುಸ್ತಕ, ಬ್ಯಾಟು, ಡ್ರಾಯಿಂಗ್ ಷೀಟು ಇಲ್ಲಿದೆ.* ವಿಡಿಯೋ ಕರೆ ಮಾಡಿ ಒಂದೊಂದನ್ನೇ ತೋರಿಸಿ ಕೇಳಿ. ‘ಎಸೀರಿ ಅಪ್ಪ’ ಎಂಬ ಉತ್ತರ ಎಷ್ಟು ಬೇಗ ಬರುತ್ತದೆಯೋ, ಎಸೆಯಲು ನಿಮಗೆ ಅಷ್ಟು ತಡವಾಗುತ್ತದೆ. ಇದಕ್ಕೆ ಈ ಆವೃತ್ತಿಯಲ್ಲಿ ಪರಿಹಾರವಿಲ್ಲ.

*ಸಾಮಾನೆಲ್ಲ ಹೋದ ಮೇಲೆ ಅಟ್ಟ ಖಾಲಿ ಕಾಣುತ್ತದೆ.* ಹಾಗೇ ಬಿಡಿ. ಖಾಲಿ ಜಾಗಕ್ಕೆ ಏನಾದರೂ ತರಬೇಕೆಂದು ಸಯ್ಯಾಜಿರಾವ್ ರಸ್ತೆಯ ಕಡೆ ಹೊರಡಬೇಡಿ.

ವಾರಂಟಿ

ಗೊಂಬೆಗಳು ಮತ್ತೆ ಪೆಟ್ಟಿಗೆ ಸೇರುವವರೆಗೆ ಮಾತ್ರ. ಗೊಂಬೆಗಳ ಜೊತೆ ‘ಸದ್ಯಕ್ಕೆ ಇದೂ ಮೇಲಿರಲಿ’ ಎಂದು ಒಂದು ಪೊಟ್ಟಣ ಏರಿದರೂ ವಾರಂಟಿ ರದ್ದು. ಆಯುಧಪೂಜೆಯ ದಿನ ಕಾರು ಸ್ಕೂಟರುಗಳಿಗೆ ಮಾಡುವ ಪೂಜೆಯಲ್ಲಿ ಮೊರ, ಪೊರಕೆ, ಒರೆಸುವ ಕೋಲಿಗೂ ಕುಂಕುಮವಿಡಿ. ವರ್ಷವಿಡೀ ದುಡಿಯುವ ಆಯುಧಗಳು ಅವು. ಆದರೆ ಪೂಜೆಗೆ ಮುಂಚೆ ಒಮ್ಮೆಯಾದರೂ ಅವನ್ನು ಹಿಡಿದಿರಬೇಕು. ಈಗ ಎದ್ದು ಹೋಗಿ ಪೊರಕೆ ತೆಗೆದುಕೊಳ್ಳಿ. ಅದು ಎಲ್ಲಿದೆಯೆಂದು ಮಾತ್ರ ಮನೆಯವರನ್ನು ಕೇಳಬೇಡಿ.